ಲಾಲ್‌ಬಾಗ್ ಸಸ್ಯೋದ್ಯಾನ: ಸಾರ್ವಜನಿಕ ಕಾರ್ಯಕ್ರಮಗಳು ಹಾಗೂ ಸ್ವಯಂಸೇವೆ

ಬೆಂಗಳೂರಿನ ಲಾಲ್‌ಬಾಗ್ ಸಸ್ಯೋದ್ಯಾನವು ಸುಮಾರು 240 ಎಕರೆ ವಿಸ್ತೀರ್ಣ ಹೊಂದಿದ್ದು, ತೋಟಗಾರಿಕೆ ಇಲಾಖೆಯ ನಿರ್ವಹಣೆಯಲ್ಲಿದೆ. 1889ರಲ್ಲಿ ಶಂಕುಸ್ಥಾಪನೆಯಾದ ಇಲ್ಲಿನ ಗಾಜಿನ ಮನೆಯಲ್ಲಿ ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯೋತ್ಸವದ ಸಂದರ್ಭಗಳಲ್ಲಿ ಫಲಪುಷ್ಪ ಪ್ರದರ್ಶನಗಳನ್ನು ಏರ್ಪಡಿಸಲಾಗುತ್ತದೆ.

ಉದ್ಯಾನದಲ್ಲಿ ಕಾರ್ಯಕ್ರಮ ನಡೆಸಲಿಚ್ಛಿಸುವ ಸಂಘ-ಸಂಸ್ಥೆಗಳು ದಿನಾಂಕ, ಸ್ಥಳ ಹಾಗೂ ಭಾಗವಹಿಸುವವರ ಸಂಖ್ಯೆಯನ್ನು ನಮೂದಿಸಿ, ಇಲಾಖೆಯಿಂದ ಮುಂಚಿತವಾಗಿ ಅನುಮತಿ ಕೋರತಕ್ಕದ್ದು. ಜನಸಂಚಾರದ ತುಳಿತದಿಂದ ಮಣ್ಣು ಗಟ್ಟಿಯಾದಲ್ಲಿ ಬೇರುಗಳಿಗೆ ಗಾಳಿ, ನೀರು ಸರಿಯಾಗಿ ದೊರೆಯುವುದಿಲ್ಲ. ಬ್ಯಾನರ್ ಕಟ್ಟಲು ಮೊಳೆ ಹೊಡೆದಲ್ಲಿ ತೊಗಟೆಯ ಗಾಯದ ಮೂಲಕ ರೋಗ ತಗಲುತ್ತದೆ. ಒಂದು ದಿನದ ಸಮಾರಂಭದಿಂದಾದ ಹಾನಿಯನ್ನು ಮರವು ಹಲವು ವರ್ಷ ಅನುಭವಿಸಬೇಕಾಗುತ್ತದೆ.

ಆದುದರಿಂದ ಸ್ವಯಂಸೇವಕರು ಸಂದರ್ಶಕರಿಗೆ ದಾರಿ ತೋರಿಸುವುದು, ಹುಲ್ಲುಹಾಸು ತುಳಿಯದಂತೆ ತಿಳಿಹೇಳುವುದು ಹಾಗೂ ಪ್ಲಾಸ್ಟಿಕ್ ಸಂಗ್ರಹಿಸುವುದು ಅತ್ಯಂತ ಉಪಯುಕ್ತ. ಕೊಂಬೆ ಸವರುವ, ಗೊಬ್ಬರ ಹಾಕುವ ಕೆಲಸಗಳನ್ನು ಮಾತ್ರ ಇಲಾಖೆಯ ಸಿಬ್ಬಂದಿಗೇ ಬಿಡುವುದು. ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.