ಕಾಣದ ಸಂಕೇತವೂ ಅವಧಾನವೂ

ಅವಧಾನವೆಂದರೆ ಮನಸ್ಸು ಒಂದು ವಿಷಯವನ್ನು ಆರಿಸಿಕೊಂಡು ಸ್ಪಷ್ಟವಾಗಿ ಅರಿಯುವುದು ಎಂದು ನಾವು ತರಗತಿಯಲ್ಲಿ ಹೇಳಿಕೊಡುವುದುಂಟು. ಈ ಲಕ್ಷಣವಾಕ್ಯದಲ್ಲಿ ಆಯ್ಕೆ, ಅರಿವು ಎಂಬ ಎರಡು ಸಂಗತಿಗಳು ಬೆರೆತುಹೋಗಿವೆ. ಕಣ್ಣಿಗೆ ಬಿದ್ದರೂ ಅರಿವಿಗೆ ಬಾರದ ಪ್ರಚೋದಕವು ಅವಧಾನವನ್ನು ಸೆಳೆಯಬಲ್ಲುದಾದರೆ ಇವೆರಡನ್ನೂ ಬೇರೆಬೇರೆ ಎಂದೇ ಭಾವಿಸಬೇಕಾಗುತ್ತದೆ.

೧೯೯೭ರಲ್ಲಿ ಮೆಕಾರ್ಮಿಕ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗವು ಈ ಪ್ರಶ್ನೆಯನ್ನು ಬಹು ಕುಶಲವಾಗಿ ಎತ್ತಿಕೊಂಡಿತು. ಪ್ರಯೋಗಕ್ಕೊಳಗಾದವನು ಪರದೆಯ ನಡುವೆ ದೃಷ್ಟಿ ನೆಟ್ಟು ಕುಳಿತಿರುತ್ತಾನೆ. ಎಡಕ್ಕೋ ಬಲಕ್ಕೋ ಒಂದು ಸಂಕೇತ ಮೂಡಿ, ಅನಂತರ ಗುರುತಿಸಬೇಕಾದ ಗುರಿಯು ಕಾಣಿಸಿಕೊಳ್ಳುತ್ತದೆ. ಈ ಗುರಿಯು ಬಹುಪಾಲು ಸಂಕೇತದ ಎದುರು ಪಕ್ಕದಲ್ಲಿಯೇ ಬರುವಂತೆ ಏರ್ಪಾಡಾಗಿತ್ತು. ಅದು ಅವನಿಗೂ ತಿಳಿದಿತ್ತು. ಸಂಕೇತವು ಕಂಡಾಗ ಅವನು ಆ ತಿಳಿವಳಿಕೆಯನ್ನು ಬಳಸಿಕೊಂಡನು. ಎದುರು ಪಕ್ಕದ ಗುರಿಗೇ ಶೀಘ್ರವಾಗಿ ಉತ್ತರ ಕೊಟ್ಟನು. ಸಂಕೇತವನ್ನು ತೀರ ಮಬ್ಬಾಗಿಸಿದಾಗ, ಅದು ಕಾಣಲಿಲ್ಲವೆಂದು ಅವನೇ ಹೇಳಿದ ಸರದಿಗಳಲ್ಲಿ ಫಲಿತಾಂಶವು ತಿರುವುಮುರುವಾಯಿತು: ಸಂಕೇತವಿದ್ದ ಪಕ್ಕದಲ್ಲಿಯೇ ಉತ್ತರ ಶೀಘ್ರವಾಗಿತ್ತು. ಪರಿಣಾಮವು ಬರಿದೆ ಕುಗ್ಗಿದ್ದರೆ, ಅವನು ಅರೆಬರೆ ಕಂಡಿರಬೇಕೆಂದು ನಾವು ಸುಮ್ಮನಾಗಬಹುದಿತ್ತು. ಇಲ್ಲಿಯಾದರೋ ದಿಕ್ಕೇ ಬದಲಾಗಿದೆ. ಕಂಡ ಸಂಕೇತವನ್ನು ಇಚ್ಛೆಯು ಬಳಸಿಕೊಳ್ಳುತ್ತದೆ. ಕಾಣದ ಸಂಕೇತವು ಇಚ್ಛೆಯನ್ನು ಕೇಳದೆ ಸೆಳೆಯುತ್ತದೆ ಎಂಬ ಊಹೆಗೆ ಇದು ಎಡೆಗೊಟ್ಟಿತು.

ಆಕ್ಷೇಪವೊಂದು ಉಳಿಯುತ್ತದೆ. "ಕಾಣಲಿಲ್ಲ" ಎಂಬುದಕ್ಕೆ ಅವನ ಮಾತೇ ಆಧಾರ. ಸಂದೇಹ ಬಂದೊಡನೆ ಇಲ್ಲವೆಂದುಬಿಡುವ ಸ್ವಭಾವದವರು ಎಷ್ಟೋ ಮಂದಿ. (ನಮ್ಮ ವಿದ್ಯಾರ್ಥಿಗಳಲ್ಲಿಯೂ ಅಂತಹವರನ್ನು ಕಂಡಿದ್ದೇವೆ.) ಆದುದರಿಂದ, ಯಾವ ಪಕ್ಕದಲ್ಲಿತ್ತೆಂದು ಊಹಿಸಿ ಹೇಳಲೇಬೇಕೆಂದು ಒತ್ತಾಯಪಡಿಸಿದಾಗಲೂ ಉತ್ತರಗಳು ಕೇವಲ ಆಕಸ್ಮಿಕದ ಮಟ್ಟದಲ್ಲಿಯೇ ಇರಬೇಕೆಂಬ ಕಟ್ಟುನಿಟ್ಟಾದ ಪರೀಕ್ಷೆಯನ್ನು ಹಲವರು ಅನುಸರಿಸುತ್ತಾರೆ. ೨೦೦೬ರಲ್ಲಿ ಜಿಯಾಂಗ್ ಮತ್ತು ಸಂಗಡಿಗರು ಒಂದು ಕಣ್ಣಿಗೆ ಕ್ಷಣಕ್ಷಣಕ್ಕೂ ಬದಲಾಗುವ ಗಾಢವಾದ ವಿನ್ಯಾಸಗಳನ್ನು ತೋರಿಸಿ, ಇನ್ನೊಂದು ಕಣ್ಣಿನ ಮುಂದಿದ್ದ ಚಿತ್ರವನ್ನು ಅರಿವಿನಿಂದ ಮರೆಮಾಡಿದರು. ಈ ಪರೀಕ್ಷೆಯಲ್ಲಿಯೂ ಕಾಣದ ಚಿತ್ರಗಳು ಅವಧಾನವನ್ನು ಅತ್ತಿತ್ತ ಎಳೆದುವು.

ಆದರೆ ಮೇಲಿನ ಊಹೆಗೆ ತೊಡಕಾಗಿರುವುದು ೧೯೯೯ರ ಒಂದು ಅಧ್ಯಯನ. ಮಿದುಳಿನ ಪ್ರಾಥಮಿಕ ದೃಷ್ಟಿಭಾಗಕ್ಕೆ ಪೆಟ್ಟು ತಗುಲಿ ದೃಷ್ಟಿಕ್ಷೇತ್ರದ ಒಂದು ಪಾರ್ಶ್ವದಲ್ಲಿ ಕುರುಡಾಗಿದ್ದ ವ್ಯಕ್ತಿಯೊಬ್ಬನನ್ನು ಕೆಂಟ್ರಿಡ್ಜ್, ಹೇವುಡ್, ವೈಸ್ಕ್ರಾಂಟ್ಸ್ ಇವರು ಪರೀಕ್ಷಿಸಿದರು. ಕುರುಡು ಪಾರ್ಶ್ವದಲ್ಲಿ ತೋರಿಸಿದ ಸಂಕೇತವು ತಾನಿದ್ದ ಎಡೆಗಲ್ಲದೆ, ತಾನು ಸೂಚಿಸುವ ದೂರದ ಇನ್ನೊಂದು ಎಡೆಗೂ ಅವನ ಅವಧಾನವನ್ನು ಕಳುಹಿಸಿತು. ಏನೋ ಆಯಿತೆಂಬ ಭಾಸವೂ ಅವನಿಗೆ ಆಗದಿದ್ದಾಗಲೂ ಹೀಗಾಯಿತು. ಕಾಣದ ಸಂಕೇತವು ಸೆಳೆಯಬಲ್ಲುದೇ ಹೊರತು ಸೂಚಿಸಲಾರದು ಎಂದು ಇನ್ನು ಹೇಳುವುದು ಕಷ್ಟ. ಸಾಕ್ಷ್ಯವು ಒಬ್ಬನದೇ ಆದರೂ ಅದನ್ನು ತಳ್ಳಿಹಾಕಲು ನಮಗೆ ಧೈರ್ಯವಿಲ್ಲ.