ತಿಳಿಯಾದ ನೀರೆಲ್ಲ ಶುದ್ಧವೇ?

ಬೆಂಗಳೂರಿನಿಂದ ಮೈಸೂರಿನತ್ತ ಬಸ್ಸಿನಲ್ಲಿ ಹೊರಟರೆ, ಕೆಂಗೇರಿಯ ಆಸುಪಾಸಿನಲ್ಲಿ ಪ್ರಯಾಣಿಕರು ಮೂಗಿಗೆ ಕರವಸ್ತ್ರ ಹಿಡಿಯುವುದನ್ನು ನೀವು ನೋಡಿರಬಹುದು. ಅಲ್ಲಿ ಹರಿಯುವುದು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಹುಟ್ಟುತ್ತದೆನ್ನುವ ಈ ನದಿಯನ್ನು ಬಹಳ ಜನ ಮೋರಿ ಎಂದೇ ತಿಳಿದಿದ್ದಾರೆ. ಒಮ್ಮೆ ಚಿತ್ರೀಕರಣಕ್ಕೆಂದು ಅದರ ದಡಕ್ಕೆ ಹೋಗಿ ನಾವು ಪೇಚಿಗೆ ಸಿಕ್ಕಿದೆವು. ಕ್ಯಾಮೆರಾಕ್ಕೆ ಮೂಗಿಲ್ಲವಲ್ಲ! ಪರದೆಯ ಮೇಲೆ ಅದರ ನೊರೆ ಅರಳೆಯ ಹಾಗೆ ಬೆಳ್ಳಗೆ, ಚೆಂದವಾಗಿಯೇ ಕಾಣಿಸಿತು. ಸಂಕಲನದ ಕೊಠಡಿಯಲ್ಲಿ ಅದನ್ನು ನೋಡುತ್ತಿದ್ದ ನಮ್ಮ ಕಿರಿಯ ಸಹಾಯಕ ಕೇಳಿದ: "ಸಾರ್, ಇದನ್ನೇ ಚೆನ್ನಾಗಿ ಸೋಸಿ ಕುಡಿಯೋಕೆ ಕೊಡಬಾರದಾ?"

ಪ್ರಶ್ನೆ ಹಗುರವಾದದ್ದಲ್ಲ. ಸೋಸುವುದಕ್ಕೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ಜರ್ಮನಿಯ ಎರಡು ಊರುಗಳೇ ಸಾಕ್ಷಿ. ಎಲ್ಬ್ ನದಿಯ ದಡದಲ್ಲಿ ಹ್ಯಾಂಬರ್ಗ್, ಅದಕ್ಕೆ ತಾಗಿಕೊಂಡೇ ಆಲ್ಟೋನಾ. ಹ್ಯಾಂಬರ್ಗ್ ನಗರವು ನದಿಯ ನೀರನ್ನು ಸೋಸದೆಯೇ ಮನೆಗಳಿಗೆ ಕೊಡುತ್ತಿತ್ತು. ಆಲ್ಟೋನಾ ನೀರೆತ್ತುತ್ತಿದ್ದುದು ಇನ್ನೂ ಕೆಳಗೆ, ಹ್ಯಾಂಬರ್ಗಿನ ಕೊಳಚೆಯೆಲ್ಲ ಸೇರಿದ ಮೇಲೆ. ಆದರೆ ಅದು ಮರಳಿನ ಹಾಸುಗಳಲ್ಲಿ ಸೋಸಿ ಕೊಡುತ್ತಿತ್ತು. 1892ರಲ್ಲಿ ಕಾಲರಾ ಬಂತು. ಹ್ಯಾಂಬರ್ಗಿನಲ್ಲಿ 8,000ಕ್ಕೂ ಹೆಚ್ಚು ಜನ ಸತ್ತರು. ಆಲ್ಟೋನಾದಲ್ಲಿ ಸಾವು ಬಹಳ ಕಡಿಮೆ. ಎರಡೂ ಊರುಗಳ ಗಡಿಯಲ್ಲಿದ್ದ ಬೀದಿಯಲ್ಲಿ ಒಂದು ಸಾಲಿನ ಮನೆಗಳಿಗೆ ರೋಗ ಹೊಕ್ಕಿತು, ಎದುರು ಸಾಲಿಗೆ ಇಲ್ಲ! ಕಾಲರಾ ರೋಗಾಣುವನ್ನು ಗುರುತಿಸಿದ್ದ ರಾಬರ್ಟ್ ಕಾಕ್ ಈ ವ್ಯತ್ಯಾಸವನ್ನು ಜಗತ್ತಿಗೆ ಎತ್ತಿ ತೋರಿಸಿದರು.

ಮರಳು ಜರಡಿಯಂತೆ ಕೆಲಸ ಮಾಡುತ್ತದೆಂದು ನೀವು ಊಹಿಸಿದರೆ ಅದು ಅರ್ಧ ಸತ್ಯ. ಮರಳಿನ ಕಣಗಳ ನಡುವಿನ ಸಂದುಗಳು ಬ್ಯಾಕ್ಟೀರಿಯಾಕ್ಕೆ ಹೆಬ್ಬಾಗಿಲಿದ್ದಂತೆ. ಹಾಗಾದರೆ ಅವು ಸಿಕ್ಕಿಬೀಳುವುದೆಲ್ಲಿ? ಸುಮಾರು ಒಂದು ಮೀಟರ್ ದಪ್ಪದ ಮರಳಿನ ಮೂಲಕ ನೀರು ಗಂಟೆಗೆ 10ರಿಂದ 20 ಸೆಂಟಿಮೀಟರ್‌ನಷ್ಟೇ ನಿಧಾನವಾಗಿ ಇಳಿಯುವಾಗ, ಕೆಲವು ದಿನಗಳಲ್ಲಿ ಮೇಲ್ಪದರದಲ್ಲಿ ಲೋಳೆಯಂಥ ಪೊರೆಯೊಂದು ಬೆಳೆಯುತ್ತದೆ. ಅದು ನಿರ್ಜೀವ ಕೊಳೆಯಲ್ಲ, ಸೂಕ್ಷ್ಮಜೀವಿಗಳ ಸಂತೆ! ನೀರಿನೊಡನೆ ಬಂದ ರೋಗಾಣುಗಳು ಆ ಲೋಳೆಗೆ ಅಂಟಿಕೊಳ್ಳುತ್ತವೆ, ಅಲ್ಲಿರುವ ಜೀವಿಗಳಿಗೆ ಆಹಾರವಾಗುತ್ತವೆ. ಆದ್ದರಿಂದಲೇ ಹೊಸದಾಗಿ ತೊಳೆದ ಮರಳಿಗಿಂತ ಕೆಲವು ವಾರ ಹಳತಾದ ಮರಳು ಚೆನ್ನಾಗಿ ಸೋಸುತ್ತದೆ.

ದೊಡ್ಡ ನಗರಗಳಿಗೆ ಇಷ್ಟು ತಾಳ್ಮೆ ಎಲ್ಲಿಯದು? ಅಲ್ಲಿ ಮೊದಲು ನೀರಿಗೆ ಪಟಿಕ ಬೆರೆಸುತ್ತಾರೆ. ಜೇಡಿಯ ಕಣಗಳು ಋಣ ವಿದ್ಯುದಂಶ ಹೊತ್ತಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತ ತೇಲಾಡುತ್ತಿರುತ್ತವೆ. ಪಟಿಕದ ಅಲ್ಯೂಮಿನಿಯಂ ಆ ಜಗಳವನ್ನು ಬಿಡಿಸುತ್ತದೆ. ಕಣಗಳು ಗುಂಪುಗೂಡಿ ತಳಕ್ಕಿಳಿಯುತ್ತವೆ. ನಮ್ಮ ಹಿರಿಯರು ಚಿಲ್ಲದ ಬೀಜವನ್ನು ಮಡಕೆಯೊಳಗೆ ತೇಯ್ದು ಪಡೆಯುತ್ತಿದ್ದುದೂ ಇದೇ ಫಲವನ್ನು. ಅನಂತರ ವೇಗದ ಮರಳು ಸೋಸುಕ, ಕೊನೆಗೆ ಕ್ಲೋರಿನ್.

ಇಷ್ಟೆಲ್ಲ ಇದ್ದರೂ ನನ್ನ ಸಹಾಯಕನಿಗೆ ನಾನು 'ಆಗಬಹುದು' ಎನ್ನಲಿಲ್ಲ. ಬದಲಿಗೆ ಒಂದು ಪ್ರಯೋಗ ಮಾಡಿಸಿದೆ. ನೀವೂ ಮಾಡಿ ನೋಡಿ. ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ತಲೆಕೆಳಗಾಗಿಸಿ, ಬಾಯಿಗೆ ಅರಳೆ ತುರುಕಿ, ಅದರ ಮೇಲೆ ಪುಡಿ ಇದ್ದಿಲು, ತೊಳೆದ ಮರಳು, ಸಣ್ಣ ಕಲ್ಲು ತುಂಬಿ. ಕೆಸರು ನೀರನ್ನು ಹೊಯ್ದರೆ ಬಹುಮಟ್ಟಿಗೆ ತಿಳಿಯಾಗಿ ಇಳಿಯುತ್ತದೆ (ಕುಡಿಯಬೇಡಿ!). ಈಗ ಉಪ್ಪು ಕರಗಿಸಿದ ನೀರನ್ನು ಹೊಯ್ಯಿರಿ. ಕೆಳಗೆ ಬಂದ ನೀರಿನ ನಾಲ್ಕು ಹನಿಯನ್ನು ಸ್ಟೀಲ್ ತಟ್ಟೆಯ ಮೇಲೆ ಬಿಸಿಲಿಗಿಡಿ. ಆರಿದ ಮೇಲೆ ಬಿಳಿಯ ಕಲೆ ಉಳಿಯುತ್ತದೆ. ತೇಲುವುದನ್ನು ಮರಳು ಹಿಡಿಯಿತು, ಕರಗಿದ್ದನ್ನು ಬಿಟ್ಟುಬಿಟ್ಟಿತು.

ವೃಷಭಾವತಿಯ ತೊಡಕು ಇಲ್ಲಿದೆ. ಮನೆಗಳ ಕೊಳಚೆಯ ಜೊತೆಗೆ ಕಾರ್ಖಾನೆಗಳ ತ್ಯಾಜ್ಯವೂ ಅದಕ್ಕೆ ಸೇರಿದೆ. ಕೊಳಚೆ ಸಂಸ್ಕರಣಾ ಘಟಕದಲ್ಲಿ ಗಾಳಿ ಊದಿ ಬೆಳೆಸಿದ ಬ್ಯಾಕ್ಟೀರಿಯಾಗಳು ಮಲಮೂತ್ರದ ಸಾವಯವ ಅಂಶವನ್ನು ತಿಂದು ಮುಗಿಸುತ್ತವೆ. ಕ್ರೋಮಿಯಂ, ಸೀಸದಂಥ ಲೋಹವನ್ನು ಹಾಗೆ ತಿಂದು ಮುಗಿಸಲು ಯಾವ ಜೀವಿಗೂ ಆಗದು. ಕುದಿಸಿದರೆ ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಮನೆಯ ಆರ್.ಓ. ಯಂತ್ರ ಕರಗಿದ್ದನ್ನೂ ಬೇರ್ಪಡಿಸಬಲ್ಲದು, ನಿಜ; ಆದರೆ ಬೇರ್ಪಟ್ಟದ್ದು ಪಕ್ಕದ ಕೊಳವೆಯಿಂದ ಮತ್ತೆ ಮೋರಿಗೇ ಹೋಗುತ್ತದೆ. ಲೋಹವನ್ನು ತಡೆಯಲು ಸುಲಭವಾದ ಜಾಗ ಕಾರ್ಖಾನೆಯ ಒಳಗೇ, ಅದು ಕೋಟ್ಯಂತರ ಲೀಟರ್ ನೀರಿನಲ್ಲಿ ಬೆರೆಯುವ ಮೊದಲೇ.

ಬೆಂಗಳೂರಿಗೆ ಕಾವೇರಿಯ ನೀರು ಬರುವುದು ಶಿವನಸಮುದ್ರದ ಕಡೆಯಿಂದ, ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ. ವೃಷಭಾವತಿ ಬಿಡದಿ ಬಳಿಯ ಬೈರಮಂಗಲ ಕೆರೆಯ ಹಾದಿಯಾಗಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಸಂಗಮವಿರುವುದು ಶಿವನಸಮುದ್ರಕ್ಕಿಂತ ಕೆಳಗೆ. ಅಂದರೆ ನಗರ ಬಿಟ್ಟ ಕೊಳೆ ನಗರದ ನಲ್ಲಿಗೆ ಮರಳಿ ಬರುವುದಿಲ್ಲ. ಅದು ತಲುಪಿದ್ದು ಬೈರಮಂಗಲದ ರೈತರನ್ನು. ದಶಕಗಳ ಕಾಲ ಅವರು ಗದ್ದೆ ತೋಟಗಳಿಗೆ ಹಾಯಿಸಿದ್ದು ಈ ನೀರನ್ನೇ.