ಪರದೇಶದಲ್ಲಿ ಬಾಡಿಗೆಯ ಕಾರು

ಪರವಾನಗಿ, ವಿಮೆ ಈ ಎರಡು ಪದಗಳೂ ಪಾರಸಿಯಿಂದ ಬಂದು ಕನ್ನಡದಲ್ಲಿ ಒಕ್ಕಲಾದವುಗಳು. ಒಂದೇ ನಾಡಿನಿಂದ ಬಂದ ಈ ನಂಟರು ಬಹುಕಾಲದಿಂದ ಜೊತೆಯಾಗಿಯೇ ಓಡಾಡುತ್ತಿರುವುದರಿಂದ, ಒಬ್ಬನಿದ್ದಲ್ಲಿ ಇನ್ನೊಬ್ಬನೂ ಇದ್ದೇ ಇರುವನೆಂದು ನಾವು ನಂಬಿಬಿಟ್ಟಿದ್ದೇವೆ. ಊರಿನಲ್ಲಿ ಈ ನಂಬಿಕೆಯಿಂದ ಹೆಚ್ಚಿನ ಹಾನಿಯಿಲ್ಲ. ಆದರೆ ಪರದೇಶದ ವಿಮಾನನಿಲ್ದಾಣದಲ್ಲಿಳಿದು, ಹಗಲಿರುಳು ಪ್ರಯಾಣಮಾಡಿದ ಆಯಾಸದಿಂದ ತೂಕಡಿಸುತ್ತ, ಬಾಡಿಗೆ ಕಾರಿನ ಕೌಂಟರಿನ ಮುಂದೆ ನಿಂತು ಸಹಿಹಾಕುವ ಹೊತ್ತಿನಲ್ಲಿ ಇದು ಬಹಳ ದುಬಾರಿಯಾದ ನಂಬಿಕೆ. ವಾಹನ ನಡೆಸುವ ಅಧಿಕಾರ ನಿಮಗುಂಟೇ ಎಂಬುದಕ್ಕೆ ಪರವಾನಗಿ ಉತ್ತರ ಹೇಳುತ್ತದೆ. ಅನಾಹುತವಾದರೆ ಹಣ ತೆರುವವರು ಯಾರು ಎಂಬುದಕ್ಕೆ ಉತ್ತರ ಬೇರೊಂದು ಕಾಗದದಲ್ಲಿದೆ. ಅದನ್ನು ಓದುವವರು ವಿರಳ.

ಮೊದಲು ಪರವಾನಗಿಯ ಮಾತು. ‘ಅಂತರರಾಷ್ಟ್ರೀಯ ಚಾಲನಾ ಪರವಾನಗಿ’ ಎಂಬ ಹೆಸರನ್ನು ಕೇಳಿದೊಡನೆ, ಜಗತ್ತಿನ ಎಲ್ಲೆಡೆಗಳಲ್ಲಿಯೂ ಸಲ್ಲುವ ರಾಜಮುದ್ರೆಯೊಂದು ಕೈಗೆ ಬಂದಂತೆ ಭಾಸವಾಗುತ್ತದೆ. ವಾಸ್ತವವಾಗಿ ಅದೊಂದು ಭಾಷಾಂತರ. ನಮ್ಮ ಮೂಲ ಪರವಾನಗಿಯಲ್ಲಿರುವುದನ್ನು ಪರದೇಶದ ಪೊಲೀಸನು ಓದಿಕೊಳ್ಳುವಂತೆ ಹಲವು ಭಾಷೆಗಳಲ್ಲಿ ಹೇಳುವ ಪುಸ್ತಿಕೆ. ಮೂಲವನ್ನು ಮನೆಯಲ್ಲಿಟ್ಟು ಭಾಷಾಂತರವನ್ನು ಮಾತ್ರ ಒಯ್ದವನ ಗತಿಯನ್ನು ಬೇರೆ ಹೇಳಬೇಕಾಗಿಲ್ಲ, ಎರಡೂ ಜೊತೆಗಿರಬೇಕು. 1949ರ ಜಿನೀವಾ ಒಪ್ಪಂದದ ಮೇರೆಗೆ ಇದನ್ನು ಕೊಡುತ್ತಾರೆ. ಭಾರತವು ಆ ಒಪ್ಪಂದಕ್ಕೆ ಸೇರಿದುದು 1962ರಲ್ಲಿ. ನಮ್ಮಲ್ಲಿ ಪ್ರಾದೇಶಿಕ ಸಾರಿಗೆ ಕಚೇರಿಯಿಂದ ಪಡೆಯಬಹುದು. ಕೇಂದ್ರದ ನಿಯಮಗಳು ಗೊತ್ತುಮಾಡಿರುವ ಶುಲ್ಕ 1000 ರೂಪಾಯಿ. ಆಯುಸ್ಸು ಹೆಚ್ಚೆಂದರೆ ಒಂದು ವರ್ಷ. ಒಂದೊಂದು ರಾಜ್ಯದಲ್ಲಿ ಒಂದೊಂದು ರೂಪದಲ್ಲಿದ್ದ ಈ ಪುಸ್ತಿಕೆಗೆ 2022ರಲ್ಲಿ ದೇಶಕ್ಕೆಲ್ಲ ಏಕರೂಪ ಬಂದಿತು. ಹೊರಡುವ ಮುನ್ನವೇ ಮಾಡಿಸಿಕೊಳ್ಳತಕ್ಕದ್ದು. ಅಂತರ್ಜಾಲದಲ್ಲಿ ಖಾಸಗಿಯವರು ಹತ್ತಾರು ವರ್ಷಗಳ ಆಯುಸ್ಸು ಬರೆದು ಮಾರುವ ಪತ್ರಗಳು ನೋಡಲು ಇದಕ್ಕಿಂತ ಸುಂದರವಾಗಿರುತ್ತವೆ. ಅವುಗಳ ಪ್ರಯೋಜನ ಅಷ್ಟೇ.

ಈ ಪುಸ್ತಿಕೆಯನ್ನು ಎಲ್ಲ ದೇಶಗಳೂ ಒಂದೇ ಬಗೆಯಲ್ಲಿ ಕಾಣುವುದಿಲ್ಲ. ಬ್ರಿಟನ್ನಿಗೆ ಪ್ರವಾಸಿಯಾಗಿ ಹೋದವನು ನಮ್ಮ ಪರವಾನಗಿಯಿಂದಲೇ 12 ತಿಂಗಳು ಕಾರು ನಡೆಸಬಹುದು. ಜಪಾನಿಗೆ 1949ರ ಮಾದರಿಯದೇ ಬೇಕು. ನಮ್ಮದು ಅಂಥದೇ ಆದ್ದರಿಂದ ಚಿಂತೆಯಿಲ್ಲ. ಚೀನಾದ ಮುಖ್ಯ ಭೂಭಾಗದಲ್ಲಿ ಇದಕ್ಕೆ ಮನ್ನಣೆಯಿಲ್ಲ. ನಮ್ಮ ತರುಣರು ಈಗ ಗುಂಪುಗುಂಪಾಗಿ ಹೋಗುತ್ತಿರುವ ವಿಯೆಟ್ನಾಮಿನ ಸಂಗತಿ ಮಾತ್ರ ಹೆಚ್ಚು ಅಪಾಯದ್ದು. ಆ ದೇಶ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ ಮಾದರಿಯ ಪತ್ರವನ್ನು. ನಾವು ಒಯ್ಯುವುದು 1949ರದನ್ನು. ಬಾಡಿಗೆಗೆ ಮೋಟಾರುಸೈಕಲ್ಲು ಕೊಡುವ ಅಂಗಡಿಯವನು ಇದಾವುದನ್ನೂ ಕೇಳದೆ ಕೀಲಿಕೈ ಕೊಟ್ಟಾನು. ಕೀಲಿಕೈ ಸಿಕ್ಕಿತೆಂದರೆ ಅಧಿಕಾರವೂ ಸಿಕ್ಕಿತೆಂದು ತಿಳಿಯುವುದು ಸಹಜ. ಆದರೆ ಗುಡ್ಡದ ತಿರುವಿನಲ್ಲಿ ಬಿದ್ದು ಕಾಲು ಮುರಿದಾಗ, ಪ್ರವಾಸವಿಮೆಯ ಕಂಪನಿ ಕೇಳುವ ಮೊದಲ ಪ್ರಶ್ನೆ, ಆ ದೇಶದ ಕಾನೂನಿಗೆ ಒಪ್ಪುವ ಪರವಾನಗಿ ಇತ್ತೇ ಎಂಬುದು. ಇಲ್ಲವೆಂದಾದರೆ ಆಸ್ಪತ್ರೆಯ ಖರ್ಚನ್ನು ಅದು ಕೊಡಲೊಲ್ಲದು. ಒಂದು ಕಾಗದ ಕೆಟ್ಟರೆ ಇನ್ನೊಂದೂ ಕೆಡುವ ಪರಿ ಇದು.

ಕಾನೂನುಗಳು ಬದಲಾಗುವ ವೇಗವೂ ಒಂದು ಸೋಜಿಗವೇ. ಅಮೆರಿಕದ ಫ್ಲಾರಿಡಾ ರಾಜ್ಯ 2013ರ ಜನವರಿಯಿಂದ ಪರದೇಶಿಗಳೆಲ್ಲರಿಗೂ ಅಂತರರಾಷ್ಟ್ರೀಯ ಪತ್ರವನ್ನು ಕಡ್ಡಾಯ ಮಾಡಿತು. ಚಳಿಗಾಲ ಕಳೆಯಲು ಅಲ್ಲಿಗೆ ಬರುವ ಕೆನಡಾದ ಮುದುಕರು ಗದ್ದಲವೆಬ್ಬಿಸಲು, ಕೆಲವೇ ತಿಂಗಳಲ್ಲಿ ಶಾಸನವನ್ನು ತಿದ್ದಬೇಕಾಯಿತು. ಪ್ರತಿಯೊಂದು ರಾಜ್ಯದ್ದೂ ಪ್ರತ್ಯೇಕ ನಿಯಮವಿರುವ ದೇಶವದು. ಬೇಕೆನ್ನದ ಕಡೆಯೂ ಪುಸ್ತಿಕೆಯಿದ್ದರೆ ನಷ್ಟವೇನಿಲ್ಲ.

ಅಮೆರಿಕದ ಮಾತು ಬಂದಿತಾದ್ದರಿಂದ ಅಲ್ಲಿಯೇ ಸ್ವಲ್ಪ ನಿಲ್ಲೋಣ. ಮಕ್ಕಳನ್ನು ನೋಡಲು ಕ್ಯಾಲಿಫೋರ್ನಿಯಕ್ಕೆ ಹೋಗುವ ತಂದೆತಾಯಿಗಳು ಇಂದು ನಮ್ಮ ಬೀದಿಬೀದಿಗಳಲ್ಲಿದ್ದಾರೆ. ಆರು ತಿಂಗಳು ಮಗನ ಬಿಡುವಿಗಾಗಿ ಕಾಯುತ್ತ ಕೂರಲಾರದೆ ತಾವೇ ಒಂದು ಕಾರು ಬಾಡಿಗೆಗೆ ಹಿಡಿಯುವವರೂ ಉಂಟು. ಕೌಂಟರಿನವನು ಮೂರು ನಾಲ್ಕು ಬಗೆಯ ರಕ್ಷಣೆಗಳ ಹೆಸರು ಹೇಳಿ ದಿನಕ್ಕಿಷ್ಟು ಎನ್ನುತ್ತಾನೆ. ಮಗ ಫೋನಿನಲ್ಲಿ, “ಅಪ್ಪಾ, ಅದೊಂದೂ ಬೇಡವೆನ್ನಿ, ಸುಮ್ಮನೆ ದುಡ್ಡು ಕೀಳುತ್ತಾರೆ” ಎನ್ನುತ್ತಾನೆ. ಮಗನ ಮಾತು ಮಗನ ಪಾಲಿಗೆ ಸತ್ಯ. ಅವನಿಗೆ ಅಲ್ಲಿ ಸ್ವಂತ ಕಾರಿದೆ, ಅದರ ವಿಮೆಯಿದೆ. ಅವನು ಬಾಡಿಗೆ ಕಾರು ಹಿಡಿದಾಗ ಸಾಮಾನ್ಯವಾಗಿ ಆ ವಿಮೆಯೇ ಅವನನ್ನು ಹಿಂಬಾಲಿಸುತ್ತದೆ. ಮೈಸೂರಿನಿಂದ ಬಂದ ಅಪ್ಪನನ್ನು ಹಿಂಬಾಲಿಸುವ ವಿಮೆ ಯಾವುದು? ಮೈಸೂರಿನ ಕಾರಿನ ವಿಮೆ ಮೈಸೂರಿನಲ್ಲೇ ಉಳಿದಿದೆ.

ಇಲ್ಲಿ ನಮ್ಮವರು ಎಡವುವುದಕ್ಕೆ ಕಾರಣವಿದೆ. ನಮ್ಮ ದೇಶದಲ್ಲಿ ಕಾರಿನಿಂದ ಅನ್ಯರಿಗೆ ಸಾವು ನೋವು ಸಂಭವಿಸಿದರೆ, ಕಡ್ಡಾಯ ವಿಮೆಯೇ ನ್ಯಾಯಾಲಯ ಗೊತ್ತುಮಾಡಿದ ಪರಿಹಾರವನ್ನು ತೆರುತ್ತದೆ. ಅದಕ್ಕೆ ಇಷ್ಟೇ ಎಂಬ ಮೇರೆಯಿಲ್ಲ. ಅಮೆರಿಕದಲ್ಲಿ ಮೇರೆಯುಂಟು. ಕ್ಯಾಲಿಫೋರ್ನಿಯದಲ್ಲಿ ಕಾನೂನು ಕೇಳುವ ಕನಿಷ್ಠ ವಿಮೆ, 2025ರ ಜನವರಿ 1ರಿಂದ, ಗಾಯಗೊಂಡ ಒಬ್ಬನಿಗೆ 30,000 ಡಾಲರು, ಒಂದು ಅಪಘಾತಕ್ಕೆ 60,000, ಆಸ್ತಿಯ ಹಾನಿಗೆ 15,000. ಅದಕ್ಕೆ ಮೊದಲಂತೂ ಒಬ್ಬನಿಗೆ 15,000 ಮಾತ್ರವಿತ್ತು. ಬಾಡಿಗೆಯ ಕಂಪನಿ ಮೂಲ ಬಾಡಿಗೆಯಲ್ಲಿ ಸೇರಿಸಿ ಕೊಡುವುದು ಸಾಮಾನ್ಯವಾಗಿ ಈ ಕನಿಷ್ಠವನ್ನು ಮೀರುವುದಿಲ್ಲ. ಅಲ್ಲಿಯ ಆಸ್ಪತ್ರೆಯಲ್ಲಿ ತೊಡೆಮೂಳೆಯ ಒಂದು ಶಸ್ತ್ರಚಿಕಿತ್ಸೆ ಈ ಹಣವನ್ನು ನುಂಗಿ ಇನ್ನೂ ಬೇಡಬಲ್ಲದು. ಮಿಕ್ಕುದನ್ನು ಕಾರಿನ ಒಡೆಯನಾದ ಕಂಪನಿ ಕೊಟ್ಟೀತೇ? 2005ರಲ್ಲಿ ಅಮೆರಿಕದ ಸಂಸತ್ತು ಮಾಡಿದ ಗ್ರೇವ್ಸ್ ತಿದ್ದುಪಡಿಯ ಪ್ರಕಾರ, ಕಂಪನಿಯ ತಪ್ಪಿಲ್ಲದಿದ್ದಲ್ಲಿ, ಕಾರಿನ ಒಡೆತನವೊಂದರ ಕಾರಣದಿಂದಲೇ ಅದನ್ನು ಹೊಣೆಮಾಡುವಂತಿಲ್ಲ. ಉಳಿದವನು ಚಾಲಕನೊಬ್ಬನೇ. ಆದ್ದರಿಂದ ಕೌಂಟರಿನವನು ಹೇಳುವ ಪಟ್ಟಿಯಲ್ಲಿ ನಮ್ಮವರು ಬಿಡಬಾರದುದು ‘ಸಪ್ಲಿಮೆಂಟಲ್ ಲಯಬಿಲಿಟಿ’ ಎಂಬ, ಅನ್ಯರಿಗಾಗುವ ಹಾನಿಯ ಹೆಚ್ಚುವರಿ ರಕ್ಷಣೆ. ಹಲವು ಕಂಪನಿಗಳಲ್ಲಿ ಇದು ಹತ್ತು ಲಕ್ಷ ಡಾಲರುಗಳವರೆಗೂ ಇರುತ್ತದೆ. ಕ್ರೆಡಿಟ್ ಕಾರ್ಡಿನ ಜೊತೆ ಬರುವ ರಕ್ಷಣೆಯಿದೆಯಲ್ಲ ಎಂದರೆ, ಅದು ಸಾಮಾನ್ಯವಾಗಿ ಬಾಡಿಗೆ ಕಾರಿನ ತಗಡಿಗೆ ಮಾತ್ರ. ಎದುರಿನವನ ಎಲುಬಿಗೆ ಅಲ್ಲ.

ಇನ್ನು ಆ ತಗಡಿನ ರಕ್ಷಣೆಯ ಹೆಸರನ್ನೇ ನೋಡಿ: ‘ಡ್ಯಾಮೇಜ್ ವೇವರ್’. ಎಲ್ಲರೂ ಇದನ್ನು ವಿಮೆಯೆನ್ನುತ್ತಾರೆ. ವೇವರ್ ಎಂದರೆ ವಿಮೆಯಲ್ಲ, ಹಕ್ಕನ್ನು ಬಿಟ್ಟುಕೊಡುವುದು. ಕಾರು ಜಖಂ ಆದರೆ ನಿನ್ನಿಂದ ವಸೂಲು ಮಾಡುವ ಹಕ್ಕನ್ನು ನಾನು ಬಿಟ್ಟಿದ್ದೇನೆ, ಎಂದು ಒಡೆಯನಾಡುವ ಮಾತು. ಷರತ್ತಿನ ಮೇಲೆ ಆಡಿದ ಮಾತು ಷರತ್ತು ಮುರಿದೊಡನೆ ಮುರಿಯುತ್ತದೆ. ಒಪ್ಪಂದದಲ್ಲಿ ಹೆಸರಿಲ್ಲದ ಸೊಸೆಯೋ ಭಾವಮೈದುನನೋ ಅರ್ಧಗಂಟೆ ಚಾಲನೆ ಮಾಡಿದರೂ, ಕುಡಿದು ನಡೆಸಿದರೂ, ಡಾಂಬರಿಲ್ಲದ ದಾರಿಗಿಳಿಸಿದರೂ ಮನ್ನಾ ಹೋಯಿತು. ಗಡಿ ದಾಟಿ ಮೆಕ್ಸಿಕೋಗೆ ಹೋಗಬೇಕಾದರೆ ಕಂಪನಿಯ ಒಪ್ಪಿಗೆಯೂ ಬೇಕು, ಮೆಕ್ಸಿಕೋದ ವಿಮೆಯೂ ಬೇಕು.

ಒಂದು ಉಪಾಯವನ್ನು ಹೇಳಬಹುದು. ಭಾರತವೇ ವಾಸಸ್ಥಳವೆಂದು ನಮೂದಿಸಿ ಇಲ್ಲಿಂದಲೇ ಕಾಯ್ದಿರಿಸಿದಾಗ, ಅನೇಕ ಕಂಪನಿಗಳು ಅಮೆರಿಕದ ಕಾರಿಗೆ ಈ ಎರಡೂ ರಕ್ಷಣೆಗಳನ್ನು ಸೇರಿಸಿದ ದರವನ್ನು ಹೇಳುತ್ತವೆ. ಮಗ ತನ್ನ ವಿಳಾಸ ಕೊಟ್ಟು ಕಾಯ್ದಿರಿಸಿದರೆ ಬರಿಯ ಕಾರಿನ ದರ ಬರುತ್ತದೆ, ಅಗ್ಗವಾಗಿಯೂ ಕಾಣುತ್ತದೆ. ಎರಡನ್ನೂ ಎದುರೆದುರು ಇಟ್ಟು ನೋಡಬೇಕು.

ಯೂರೋಪಿನ ಕಥೆ ಬೇರೆ. ಅಲ್ಲಿ ಅನ್ಯರಿಗಾಗುವ ಹಾನಿಗೆ ಬಾಡಿಗೆಯಲ್ಲಿಯೇ ದೊಡ್ಡ ಮೊತ್ತದ ವಿಮೆ ಸೇರಿರುತ್ತದೆ. ಕಾಡುವುದು ‘ಎಕ್ಸೆಸ್’, ಅರ್ಥಾತ್ ಕಾರಿಗಾದ ಹಾನಿಯಲ್ಲಿ ನಾವೇ ತೆರಬೇಕಾದ ಮೊದಲ ಭಾಗ. ಅಷ್ಟು ಹಣವನ್ನು ಠೇವಣಿಯೆಂದು ನಮ್ಮ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಚಕ್ರ, ಗಾಜು, ತಳ, ಚಾವಣಿಗಳನ್ನು ರಕ್ಷಣೆಯಿಂದ ಹೊರಗಿಡುವುದೂ ವಾಡಿಕೆ. ಹೊರಡುವ ಮುನ್ನ ಕಾರಿನ ಸುತ್ತ ಪ್ರದಕ್ಷಿಣೆ ಬಂದು ಗೀರು ನೆಗ್ಗುಗಳ ಚಿತ್ರ ತೆಗೆದಿಟ್ಟುಕೊಳ್ಳುವವನು ನಾಚಬೇಕಾದುದಿಲ್ಲ.

ಐಸ್‌ಲೆಂಡಿನಲ್ಲಂತೂ ಪಂಚಭೂತಗಳೇ ಒಪ್ಪಂದದೊಳಕ್ಕೆ ಬಂದಿವೆ. ಜಲ್ಲಿ ಸಿಡಿದರೆ ಒಂದು ರಕ್ಷಣೆ, ಮರಳು ಬೂದಿಗಳ ಬಿರುಗಾಳಿ ಬಣ್ಣ ಕೆರೆದರೆ ಇನ್ನೊಂದು. ಹೊಳೆ ದಾಟುವಾಗ ಎಂಜಿನ್ನಿಗೆ ನೀರು ನುಗ್ಗಿದರೆ ಸಾಮಾನ್ಯವಾಗಿ ಯಾವ ರಕ್ಷಣೆಯೂ ಇಲ್ಲ. ಗಾಳಿಯ ರಭಸಕ್ಕೆ ಬಾಗಿಲು ಕೀಲು ಮುರಿದು ಹಿಂದಕ್ಕೆ ಬಾಗುವುದು ಅಲ್ಲಿ ಎಷ್ಟು ಮಾಮೂಲೆಂದರೆ, ಕಾರನ್ನು ಗಾಳಿಗೆ ಮುಖಮಾಡಿ ನಿಲ್ಲಿಸಿ, ಬಾಗಿಲನ್ನು ಗಟ್ಟಿಯಾಗಿ ಹಿಡಿದು ತೆರೆಯಿರೆಂದು ಅಲ್ಲಿ ಪ್ರವಾಸಿಗಳಿಗೆ ಮೊದಲೇ ಹೇಳಿ ಕಳುಹಿಸುತ್ತಾರೆ.